ತೆಳ್ಳಗೆ ಮಾಡಿಸಿದ ಗಿಟಾರು

ದಪ್ಪ-ತೆಳುವಿನ ಬಗ್ಗೆ ನನಗೆ ಖಚಿತ ಅಭಿಪ್ರಾಯವಿದ್ದದ್ದು ರೊಟ್ಟಿಯ ವಿಷಯದಲ್ಲಿ ಮಾತ್ರ. ಜೋಳದ ರೊಟ್ಟಿ ತೆಳ್ಳಗಿರಬೇಕು. ದಪ್ಪಗೆ ಬಡಿದವಳಿಗೆ ಬೇರೇನೋ ಅವಸರವಿದೆ ಎಂದರ್ಥ. ಇದೇ ನ್ಯಾಯವನ್ನು ನಾನು ಗಿಟಾರಿಗೂ ಹಚ್ಚಿದೆ. ತಪ್ಪು ನನ್ನದೇ.

ನನ್ನ ತಮ್ಮ ಮಲ್ಲು ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸುತ್ತಿದ್ದ. ಮದುವೆಯ ಸೀಸನ್ನಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ ಎಂದು ಆರ್ಕೆಸ್ಟ್ರಾದವರ ಜೊತೆ ಹೋಗಿ ಬಾಸ್ ಗಿಟಾರು ಬಾರಿಸುತ್ತಿದ್ದ. ನಾಲ್ಕೇ ತಂತಿ, ಉದ್ದನೆಯ ಕೊರಳು, ಬಾಗಿಲ ಹಲಗೆಯಂಥ ಮೈ. ಅದರ ದನಿ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಉಂಡವರು ಮಾತ್ರ ಹಾಡಿದವಳನ್ನಷ್ಟೇ ಹೊಗಳಿ ಕೈತೊಳೆಯಲು ಏಳುತ್ತಾರೆ. ಮಲ್ಲುಗೆ ಅದರ ಬೇಸರವಿರಲಿಲ್ಲ. ಮೂವತ್ತೆಂಟನೇ ವಯಸ್ಸಿಗೆ ಅವನ ಎಡಗೈ ಸೊರಗತೊಡಗಿತು. ನರದ ರೋಗ, ಹೋದ ಬಲ ಮರಳುವುದಿಲ್ಲ, ಉಳಿದ ಮೈಗೂ ಹಬ್ಬುತ್ತದೆ ಎಂದರು ಡಾಕ್ಟರು. ಅವನು ಕೇಳಿದ್ದು ಒಂದೇ: ಈ ಸೀಸನ್ನಾದರೂ ಬಾರಿಸಬಹುದೇ?

ಗಿಟಾರು ಭಾರ, ತೆಳ್ಳಗೆ ಮಾಡಿಸಿದರಾಯಿತು ಎಂದವಳು ನಾನು. ಓಣಿಯಲ್ಲಿ ಕೈಮಗ್ಗ ರಿಪೇರಿ ಮಾಡುವ ಬಡಿಗೇರ ಈರಪ್ಪ ಕಾಕಾ ಅದನ್ನು ಎರಡು ದಿನ ತಿರುವಿ ತಿರುವಿ ನೋಡಿದರು. ತಂತಿ, ವೈರು ಬಿಚ್ಚಿಟ್ಟು, ಬೆನ್ನಿನ ಕಡೆಯಿಂದ ರಂದಾ ಹೊಡೆದು ಕಟ್ಟಿಗೆ ಹೆರೆದು, ಎರಡೂವರೆ ಬೆರಳಿನ ದಪ್ಪವನ್ನು ಒಂದೂವರೆಗೆ ಇಳಿಸಿದರು. ಮಲ್ಲು ಪಟ್ಟಿ ಹೆಗಲಿಗೇರಿಸಿ ನಿಂತ. ಗಿಟಾರಿನ ತಲೆ ಮೆಲ್ಲಗೆ ನೆಲದ ಕಡೆ ಜಾರಿತು.

"ಯಕ್ಕಾ, ಹೆಗಲಿಗಿ ಹಗೂರಾತು ಖರೆ. ಆದ್ರ ಕೊರಳ ಎತ್ತಿ ಹಿಡಿಯೋದು ಈ ಕೈಗೇ ಬಂತಲ್ಲ," ಎಂದ.

ಕೊಡ ಹೊತ್ತು ಬೆಳೆದ ನನಗಾದರೂ ತಿಳಿಯಬೇಕಿತ್ತು. ತುಂಬಿದ ಕೊಡ ಸೊಂಟಕ್ಕೊರಗಿ ಸುಮ್ಮನಿರುತ್ತದೆ, ಅರ್ಧ ಕೊಡ ಹೆಜ್ಜೆಹೆಜ್ಜೆಗೂ ವಾಲುತ್ತದೆ. ಆ ದಪ್ಪ ಮೈ ಅಷ್ಟುದ್ದದ ಕೊರಳನ್ನು ಸದ್ದಿಲ್ಲದೆ ಹೊತ್ತಿತ್ತು. ನಾನು ಅದನ್ನು ಬೊಜ್ಜೆಂದು ತಿಳಿದು ಕೆತ್ತಿಸಿದ್ದೆ.

ಮಗ್ಗದ ಹಾಸು ನೂಲು ಸಡಿಲಾದರೆ ಬಿಗಿಯಲು ಹಿಂದೆ ಉಸುಕಿನ ಚೀಲ ತೂಗಿಬಿಡುವುದು ನಮ್ಮವರ ರೂಢಿ. ಕಾಕಾ ಗಿಟಾರಿನ ಬಾಲಕ್ಕೂ ಒಂದು ಚೀಲ ಕಟ್ಟಿದರು. ಸಾಲಲಿಲ್ಲ, ಇನ್ನಷ್ಟು ತುಂಬಿದರು. ತಲೆಯೇನೋ ನಿಂತಿತು, ಭಾರ ಹೆಚ್ಚುಕಡಿಮೆ ಮೊದಲಿನಷ್ಟೇ ಆಯಿತು, ಮೇಲೆ ಚೀಲ ತೊಡೆಗೆ ಬಡಿಯತೊಡಗಿತು.

"ಕಾಕಾ, ಕಟಗಿ ತಗದು ಉಸುಕ ಕೊಟ್ರಲ್ಲ," ಎಂದು ಮಲ್ಲು ನಕ್ಕ.

ಕಾಕಾ ನಗಲಿಲ್ಲ. "ತಗದದ್ದ ಕೂಡಸಾಕ ನನಗ ಬರಂಗಿಲ್ಲಪಾ," ಎಂದು ಚೀಲ ಬಿಚ್ಚಿಕೊಂಡರು.

ಮುಧೋಳದ ಒಂದು ಮದುವೆಗೆ ಅವನು ಕುರ್ಚಿಯ ಮೇಲೆ ಕೂತು ಬಾರಿಸಿದ. ಪಕ್ಕದ ಸ್ಟೂಲಿನಲ್ಲಿ ನಾನು ಇಳಕಲ್ ಸೀರೆ ಉಟ್ಟು, ಗಿಟಾರಿನ ತಲೆಗೆ ಅಂಗೈ ಕೊಟ್ಟು ಕೂತೆ. ನೀ ಏನು ಬಾರಿಸುತ್ತೀಯವ್ವಾ ಎಂದು ಬೀಗರ ಕಡೆಯ ಮುದುಕಿ ಕೇಳಿದಳು. ಹಿಡಿಯಲು ಬಂದಿದ್ದೇನೆ ಎಂದೆ. ಅದೂ ಒಂದು ವಾದ್ಯವಿರಬೇಕೆಂದು ಅವಳು ತಲೆಯಾಡಿಸಿದಳು. ಅವನು ಮಿಡಿದದ್ದೆಲ್ಲ ನನ್ನ ಮೊಣಕೈವರೆಗೆ ನಡುಗುತ್ತಿತ್ತು. ನಾಲ್ಕನೆಯ ಹಾಡಿಗೆ ಅವನ ಬೆರಳುಗಳು ತಂತಿಯನ್ನು ಒತ್ತಲಾರದೆ ಹೋದವು. ಬಲಗೈ ಸ್ವಲ್ಪ ಹೊತ್ತು ಖಾಲಿ ತಂತಿಯನ್ನೇ ಮೀಟಿತು, ಆಮೇಲೆ ಅದೂ ನಿಂತಿತು.

"ಸಾಕ ಬಿಡ ಯಕ್ಕಾ. ನಿನ್ನ ಕೈ ಸೋತಾವ," ಎಂದ.

ನನ್ನ ಕೈ ಸೋತಿರಲಿಲ್ಲ. ಅದು ಅವನಿಗೂ ಗೊತ್ತಿತ್ತು.

ಮಲ್ಲು ಹೋಗಿ ಎರಡು ವರ್ಷವಾಯಿತು. ಮೊನ್ನೆ ಈರಪ್ಪ ಕಾಕಾ ಗೂಟ, ಸುತ್ತಿಗೆ ಹಿಡಿದು ಬಂದಿದ್ದರು. ಗೋಡೆಗೆ ತೂಗುಹಾಕಿದರೆ ಗಿಟಾರು ತಾನೇ ನೆಟ್ಟಗೆ ನಿಲ್ಲುತ್ತದೆ, ಯಾರ ಕೈಯೂ ಬೇಡ ಎಂದರು. ಮಾತು ಸರಿಯೇ. ಗೂಟ ಹೊಡೆಸದೆ, ಚಹಾ ಕೊಟ್ಟು ಕಳಿಸಿದೆ. ಯಾರ ಕೈಯೂ ಬೇಡವೆನ್ನುವಷ್ಟು ನೆಟ್ಟಗೆ ಅದು ಈಗಲೇ ನಿಲ್ಲುವುದು ನನಗೆ ಬೇಕಿಲ್ಲ.