ಟರ್ಪೆಂಟೈನಿಗೆ ಜಗ್ಗದ ಬಿಳಿ

ನಮ್ಮ ಪೇಂಟರನ ಎಡ ಮಣಿಕಟ್ಟಿನ ಮೇಲೆ ಬಟಾಣಿ ಕಾಳಿನಷ್ಟು ಬಿಳಿ ಕಾಣಿಸಿಕೊಂಡಾಗ, ಯಾವ ಪೇಂಟರ್ ಆದರೂ ಮಾಡುವುದನ್ನೇ ಅವನೂ ಮಾಡಿದ. ಬಟ್ಟೆಯ ತುಂಡಿಗೆ ಟರ್ಪೆಂಟೈನ್ ಹಾಕಿ ಉಜ್ಜಿದ. ಹೋಗಲಿಲ್ಲ. ಹಠಮಾರಿ ಪ್ರೈಮರ್ ಇರಬೇಕು ಎಂದುಕೊಂಡು ಮರುದಿನ ಇನ್ನೂ ಜೋರಾಗಿ ಉಜ್ಜಿದ. ಆಮೇಲೆ ಥಿನ್ನರ್, ಆಮೇಲೆ ಸೀಮೆಎಣ್ಣೆ, ಕೊನೆಗೆ ನಯವಾದ ಸ್ಯಾಂಡ್ ಪೇಪರ್. ಆ ತಿಂಗಳು ಅವನು ಸುರಿದುಕೊಂಡ ಟರ್ಪೆಂಟೈನಿನಲ್ಲಿ ಒಂದು ಹಡಗಿನ ಬಣ್ಣ ಕೀಳಬಹುದಿತ್ತು. ಅವನು ಬೀದಿಯಲ್ಲಿ ಬಂದರೆ ಸಿಗರೇಟು ಸೇದುವವರು ಬೆಂಕಿಪೊಟ್ಟಣ ಬಚ್ಚಿಟ್ಟುಕೊಂಡು ಎದುರು ಸಾಲಿಗೆ ದಾಟುತ್ತಿದ್ದರು. ಬಿಳಿ ಮಾತ್ರ ಬಟಾಣಿಯಿಂದ ನಾಣ್ಯದ ಗಾತ್ರಕ್ಕೆ ಬಡ್ತಿ ಪಡೆಯಿತು.

"ಅಪ್ಪ, ಅದು ಬಣ್ಣ ಅಲ್ಲ," ಎಂದಳು ಮಗಳು ಏಣಿಯ ಮೇಲಿಂದ, ಆಕಳಿಸುತ್ತ.

"ಹುಟ್ಟಿದಾಗಿಂದ ಬಳೀತಿದೀನಿ, ನನಗೆ ಬಿಳಿ ಗೊತ್ತಿಲ್ವಾ? ಮೊದಲು ನಿನ್ನ ಬಾಯಿ ಮುಚ್ಚಿಕೋ. ಇನ್ನೊಂದು ಸಲ ಆಕಳಿಸಿದ್ರೆ ರೋಲರ್ ಒಳಗೆ ಹೋಗುತ್ತೆ."

ಅವನಿಗಿದ್ದ ನಿಜವಾದ ಚಿಂತೆ ಈ ಆಕಳಿಕೆಯೇ. ಮಗಳ ಕೈಯೆಂದರೆ ಕೈ. ಕಿಟಕಿ ಚೌಕಟ್ಟಿನ ಅಂಚಿಗೆ ಟೇಪು ಹಚ್ಚದೆ ಗೆರೆ ಎಳೆದರೆ ನೊಣ ಕೂಡ ಅದರ ಮೇಲೆ ಸರ್ಕಸ್ಸಿನ ಹಗ್ಗದ ಮೇಲೆ ನಡೆದಂತೆ ನಡೆಯಬೇಕು. ಅವಳನ್ನು ಪಾಲುದಾರಳನ್ನಾಗಿ ಮಾಡಿಕೊಳ್ಳಬೇಕೆಂದು ಅವನು ವ್ಯಾನಿನ ಬಾಗಿಲ ಮೇಲೆ ತನ್ನ ಕಸುಬನ್ನು ಬರೆದು ಪಕ್ಕದಲ್ಲಿ ಜಾಗ ಬಿಟ್ಟಿದ್ದ. ಆದರೆ ಕೆಲವು ತಿಂಗಳಿಂದ ಆ ಹುಡುಗಿ ನಿಂತಲ್ಲೇ ತೂಕಡಿಸುತ್ತಿದ್ದಳು. ನೆತ್ತಿ ಸುಡುವ ಬಿಸಿಲಲ್ಲೂ ಸ್ವೆಟರ್ ಬಿಚ್ಚುತ್ತಿರಲಿಲ್ಲ. ದನಿ ಬೇರೆ ಗೊಗ್ಗರಾಗಿತ್ತು. ಪೇಂಟರ್ ಅವಳಿಗೆ 'ಗಾದಿ' ಎಂದು ಹೆಸರಿಟ್ಟಿದ್ದ. ಅಡ್ಡಹೆಸರು ಇಡುವುದರಲ್ಲಿ ಅವನದು ಎತ್ತಿದ ಕೈ.

ಒಂದು ಮಧ್ಯಾಹ್ನ ಅವಳು ಏಣಿಯ ತುದಿಯಲ್ಲೇ ಕಣ್ಣು ಮುಚ್ಚಿದಳು. ಡಬ್ಬ ಜಾರಿ ಮನೆಯೊಡತಿಯ ಸೋಫಾ ಮೇಲೆ ಮಗುಚಿತು. ಅವಳೂ ಜಾರುತ್ತಿದ್ದಳು, ಪೇಂಟರ್ ಕಾಲು ಹಿಡಿದುಕೊಂಡ.

"ಸಾಕು," ಎಂದ, ಅವಳ ಕಾಲು ಬಿಡದೆಯೇ. "ಈ ಮನೆ ಮುಗಿದ ಮೇಲೆ ನೀನು ಏಣಿ ಹತ್ತೋ ಹಾಗಿಲ್ಲ. ಬೇರೆ ಯಾರನ್ನಾದ್ರೂ ನೋಡ್ಕೋತೀನಿ. ಸೋಮಾರಿತನಕ್ಕೂ ಒಂದು ಮಿತಿ ಬೇಡ್ವಾ?"

ಮಗಳು ಎದುರು ಮಾತಾಡಲಿಲ್ಲ. ಹುಟ್ಟಿದ ಮೇಲೆ ಅವಳು ಎದುರು ಮಾತಾಡದಿದ್ದುದು ಅದೇ ಮೊದಲು. ಅದು ಅವನಿಗೆ ಚುಚ್ಚಿತು.

ಆ ವಾರವೇ ಬಲ ಮಣಿಕಟ್ಟಿನಲ್ಲೂ ಬಿಳಿ ಬಂತು, ಎಡಗೈಯಲ್ಲಿದ್ದ ಜಾಗದಲ್ಲೇ, ಅದೇ ಆಕಾರದಲ್ಲಿ. ಆಗ ಪೇಂಟರ್ ಬಟ್ಟೆ ಕೆಳಗಿಟ್ಟ. ಬಣ್ಣ ಎಲ್ಲಿ ಬೇಕಾದರೂ ಬೀಳುತ್ತದೆ, ಆದರೆ ಎರಡೂ ಕೈಗೆ ಅಳತೆ ಹಿಡಿದು ಬೀಳುವುದಿಲ್ಲ.

ಚರ್ಮದ ಡಾಕ್ಟರಮ್ಮ ಎರಡೂ ಕೈಯನ್ನು ದೀಪದ ಕೆಳಗೆ ತಿರುಗಿಸಿ ನೋಡಿದರು. "ಇದು ತೊನ್ನು. ಅಂಟೋದಲ್ಲ, ಪ್ರಾಣಕ್ಕೇನೂ ಇಲ್ಲ. ಮುಲಾಮು ಕೊಡ್ತೀನಿ. ಆದ್ರೆ ಮೊದಲು ಉಜ್ಜೋದು ನಿಲ್ಲಿಸಿ, ಗಾಯ ಆದಲ್ಲೆಲ್ಲ ಹರಡುತ್ತೆ. ನಿಮ್ಮ ಮೈಯ ಕಾವಲುಗಾರರು ರೋಗಾಣು ಬಿಟ್ಟು, ಚರ್ಮಕ್ಕೆ ಬಣ್ಣ ಕೊಡೋ ಕಣಗಳನ್ನೇ ಹೊಡೀತಿದಾರೆ."

"ನನ್ನ ಕಾವಲುಗಾರರೇ? ಊಟ ಹಾಕ್ತಿರೋನು ನಾನು, ಹೊಡೆಯೋದು ನನ್ನನ್ನೇ?"

"ಮನೇಲಿ ಇನ್ಯಾರಿಗಾದ್ರೂ ಇದೆಯಾ? ಇದೇ ಆಗ್ಬೇಕಿಲ್ಲ. ಥೈರಾಯ್ಡ್, ಚಿಕ್ಕ ವಯಸ್ಸಲ್ಲೇ ಸಕ್ಕರೆ ಕಾಯಿಲೆ, ಕೀಲು ಬಾವು?"

"ನಮ್ಮ ವಂಶಕ್ಕೆ ಕಾಯಿಲೆ ಅಂದ್ರೇನು ಅಂತಾನೇ ಗೊತ್ತಿಲ್ಲ, ಡಾಕ್ಟರೇ. ನಮ್ಮ ತಾತ ಸಾಯೋವಾಗಲೂ ಆರೋಗ್ಯವಾಗೇ ಇದ್ದ."

ಡಾಕ್ಟರಮ್ಮ ನಕ್ಕರು. "ಕೇಳಿ ನೋಡಿ ಒಂದ್ಸಲ."

"ಚರ್ಮಕ್ಕೂ ಥೈರಾಯ್ಡಿಗೂ ಏನು ನಂಟು?"

"ಹಿರಿಯರಿಂದ ಬರೋದು ರೋಗ ಅಲ್ಲ, ರೋಗದ ಕಡೆ ಒಲವು. ಹತ್ತಾರು ಜೀನುಗಳು ಸೇರಿ ಕಾವಲುಗಾರರನ್ನ ಸ್ವಲ್ಪ ಮುಂಗೋಪಿಗಳನ್ನಾಗಿ ಮಾಡುತ್ವೆ. ಅವರು ಒಬ್ಬರಲ್ಲಿ ಚರ್ಮದ ಮೇಲೆ ಹೋಗ್ತಾರೆ, ಇನ್ನೊಬ್ಬರಲ್ಲಿ ಕುತ್ತಿಗೇಲಿರೋ ಥೈರಾಯ್ಡ್ ಗ್ರಂಥಿ ಮೇಲೆ. ಎಷ್ಟೋ ಜನರಲ್ಲಿ ಯಾರ ತಂಟೆಗೂ ಹೋಗದೆ ಸುಮ್ಮನಿರ್ತಾರೆ. ಯಾಕೆ ಹಾಗೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ."

ಈ ಕೊನೆಯ ಮಾತು ಪೇಂಟರನ ತಲೆಯಲ್ಲಿ ಹುಳ ಬಿಟ್ಟಿತು. ಗೋಡೆಗಳಲ್ಲಿ ಅವನು ಇದನ್ನು ಕಂಡಿದ್ದ. ಒಂದೇ ಗೂಡಿನ ಇಟ್ಟಿಗೆ, ಒಂದೇ ಗಾರೆಯವನ ಕೈ. ಒಂದು ಗೋಡೆ ಒಣಗಿ ಗರಿಗರಿ, ಇನ್ನೊಂದು ತೇವ ಹೀರಿ ಚಕ್ಕೆ ಏಳುತ್ತದೆ. ಅಂಥ ಗೋಡೆ ಸಿಕ್ಕಿದರೆ ತೇವ ಎಲ್ಲಿಂದ ಬಂತೆಂದು ಪತ್ತೆ ಹಚ್ಚುವವರೆಗೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಒಮ್ಮೆ ಹೀಗೆ ಹುಡುಕುತ್ತ ಹೋಗಿ ಮೂರನೇ ಮನೆಯವರ ಬಚ್ಚಲಲ್ಲಿ ತಲೆಯೆತ್ತಿದ್ದ ಎಂದು ಹೇಳುತ್ತಾರೆ. ಒಳಗೆ ಯಾರೋ ಸ್ನಾನ ಮಾಡುತ್ತಿದ್ದರಂತೆ. ಈಗ ಅದೇ ಹುರುಪಿನಲ್ಲಿ ಅಕ್ಕನ ಮನೆಗೆ ಹೋದ.

ಅಕ್ಕ ದರ್ಜಿ. ಹೊಲಿಗೆ ಮೆಷಿನ್ನಿನ ಮುಂದೆ ಕೂತೇ ತಮ್ಮನ ಕೈ ನೋಡಿದಳು. "ಅಪ್ಪನದೇ ಇದು."

"ಅಪ್ಪನಿಗೆಲ್ಲಿತ್ತು?"

"ಮೊಣಕೈಲಿ. ಸೆಕೆಗಾಲದಲ್ಲೂ ತುಂಬು ತೋಳಿನ ಶರ್ಟು ಯಾಕೆ ಹಾಕ್ತಿದ್ರು ಅಂದ್ಕೊಂಡೆ? ಅಳತೆ ತಗೊಂಡವಳು ನಾನು ಕಣೋ."

"ಶೋಕಿ ಅಂದ್ಕೊಂಡಿದ್ದೆ."

"ಅಪ್ಪ, ಶೋಕಿ!" ಅಕ್ಕ ಗುಂಡಿಗಳ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಸೀಸೆ ಹೊರತೆಗೆದಳು. "ಮತ್ತೆ ಇದು ನನ್ನದು. ಥೈರಾಯ್ಡ್ ಮಾತ್ರೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೇಲಿ."

"ನಿನಗಾ? ಯಾವಾಗಿಂದ?"

"ಮದುವೆಗೆ ಮೊದಲಿಂದ. ಮೆಷಿನ್ ಮೇಲೇ ತಲೆ ಇಟ್ಟು ನಿದ್ದೆ ಹೋಗ್ತಿದ್ದೆ. ಬಿಸಿಲಲ್ಲಿ ಸ್ವೆಟರ್. ದನಿ ನೋಡಿದ್ರೆ ಗಂಡಸಿನ ಥರ. ನೀನೇ ನನಗೆ 'ದಿಂಬು' ಅಂತ ಹೆಸರಿಟ್ಟಿದ್ದೆ, ಮರೆತೇಬಿಟ್ಯಾ? ಪುಣ್ಯಕ್ಕೆ ನನ್ನ ಮಕ್ಕಳಿಬ್ಬರಿಗೂ ಇದುವರೆಗೆ ಏನೂ ಇಲ್ಲ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀನು ಯಾವತ್ತು ಕೇಳಿದ್ದೆ?"

ದಿಂಬು. ಗಾದಿ. ಬಿಸಿಲಲ್ಲಿ ಸ್ವೆಟರ್. ಪೇಂಟರ್ ಎದ್ದು ಓಡಿದ ರಭಸಕ್ಕೆ ಚಪ್ಪಲಿಗಳು ಅಕ್ಕನ ಹೊಸ್ತಿಲಲ್ಲೇ ಉಳಿದವು. ಅವು ತಾವಾಗಿ ಮನೆ ಸೇರಿದ್ದು ಮರುದಿನ ಎಂಬುದು ಅಕ್ಕನ ವರದಿ.

ಮಗಳ ರಕ್ತ ಪರೀಕ್ಷೆಯಾಯಿತು. ಅನುಮಾನವೇ ಉಳಿಯಲಿಲ್ಲ: ಅವಳ ಕಾವಲುಗಾರರು ಥೈರಾಯ್ಡ್ ಮೇಲೆ ಬಿದ್ದಿದ್ದರು. ಪೂರ್ತಿ ವಾಸಿಯಾಗುವುದಲ್ಲ, ಆದರೆ ಒಂದು ಸಣ್ಣ ಮಾತ್ರೆ ದಿನಾ ನುಂಗಿದರೆ ಸಾಕು ಎಂದರು ಡಾಕ್ಟರು.

"ಅಂದ್ರೆ ನಾನು ಸೋಮಾರಿ ಅಲ್ಲ?" ಮಗಳು ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕೇಳಿದಳು.

"ನೀನಲ್ಲ. ನಿನ್ನ ಕಾವಲುಗಾರರೂ ಅಲ್ಲ, ಅದೇ ತೊಂದರೆ." ಪೇಂಟರ್ ಅವಳಿಗಿಂತ ಒಂದು ಮೆಟ್ಟಿಲು ಕೆಳಗಿಳಿದು ನಿಂತ. "ಅವತ್ತು ಅಂದಿದ್ದು ತಪ್ಪಾಯ್ತು ಮಗಳೇ. ಈ ಒಲವೂ ನನ್ನ ಕಡೆಯಿಂದಾನೇ ಬಂದಿರ್ಬೇಕು."

"ಹೋಗಲಿ ಬಿಡಪ್ಪ. ಮೂಗೂ ನಿನ್ನ ಕಡೆಯಿಂದಾನೇ ಬಂದಿದ್ದು. ಅದಕ್ಕೆ ಮಾತ್ರೇನೂ ಇಲ್ಲ."

ಎದುರು ಮಾತು ಮರಳಿ ಬಂದದ್ದು ಕಂಡು ಅವನಿಗೆ ಅರ್ಧ ಭಾರ ಇಳಿಯಿತು. ಇನ್ನರ್ಧಕ್ಕೆ ಕೆಲವು ವಾರ ಬೇಕಾಯಿತು. ಮೊದಲು ಸ್ವೆಟರ್ ಹೋಯಿತು, ಆಮೇಲೆ ಆಕಳಿಕೆ. ಒಂದು ಬೆಳಿಗ್ಗೆ ಪೇಂಟರ್ ಎದ್ದು ಬರುವಷ್ಟರಲ್ಲಿ ಮಗಳು ವ್ಯಾನಿನ ಬಾಗಿಲ ಮುಂದೆ ಬ್ರಶ್ ಹಿಡಿದು ಕೂತಿದ್ದಳು.

"'ಮತ್ತು ಮಗಳು' ಅಂತ ಬರೆಯೋಕೆ ಜಾಗ ಸಾಲಲ್ಲ ಅಪ್ಪ. ನಿನ್ನ ಅಕ್ಷರ ಒಂದೊಂದೂ ಆನೆ ಗಾತ್ರ."

"ನಿನ್ನದನ್ನ ಚಿಕ್ಕದಾಗಿ ಬರ್ಕೋ."

"ನಾನ್ಯಾಕೆ? ನಿನ್ನದನ್ನೇ ಅಳಿಸಿ ಚಿಕ್ಕದು ಮಾಡ್ತೀನಿ. ಟರ್ಪೆಂಟೈನ್ ಎಲ್ಲಿಟ್ಟೆ?"

ಪೇಂಟರ್ ಬಿಳಿ ಮಣಿಕಟ್ಟಿನ ಕೈಯಿಂದಲೇ ಸೀಸೆ ಎತ್ತಿ ಕೊಟ್ಟ.