ಕಿಟಕಿಯಿಂದ ಹೊರಗೆ ಬಂದ ಕೈ

ಹಾನಗಲ್ಲಿಗೂ ಚಿಕ್ಕೇರೂರಿಗೂ ನಡುವೆ ಒಂದು ಕಡೆ ರಸ್ತೆ ಕೆರೆಯ ಏರಿಯ ಮೇಲೆ ಹಾಯ್ದು ತಿರುಗುತ್ತದೆ. ಅಲ್ಲಿ ಹಸಿರು ಬಳೆ ತೊಟ್ಟ ಹೆಣ್ಣಿನ ಕೈಯೊಂದು ಕಾಣಿಸಿಕೊಳ್ಳುತ್ತದೆ ಎಂದು ಒಂದು ಕಾಲಕ್ಕೆ ಆ ಸೀಮೆಯವರೆಲ್ಲ ನಂಬಿದ್ದರು. ಮೋಟಾರಿನ ಡ್ರೈವರುಗಳು, ಗಾಡಿ ಹೊಡೆಯುವವರು, ನನ್ನ ತವರಿನವರು ಕೂಡ. ನಾನೊಬ್ಬಳು ನಂಬಿರಲಿಲ್ಲ. ನನಗೇನು ಹೆಚ್ಚಿನ ಧೈರ್ಯವಿರಲಿಲ್ಲ, ಓದಂತೂ ಮೂರನೆಯ ಇಯತ್ತೆಗೇ ಮುಗಿದಿತ್ತು. ಆ ಕೈ ನನ್ನದು ಎಂದು ನನಗೆ ಗೊತ್ತಿತ್ತು, ಅಷ್ಟೇ.

ಆಗ ನನಗೆ ಹತ್ತೊಂಬತ್ತು ವರ್ಷವಿರಬೇಕು. ದೊಡ್ಡ ಯುದ್ಧ ಇನ್ನೂ ಶುರುವಾಗಿರಲಿಲ್ಲ. ಚೊಚ್ಚಲ ಬಾಣಂತನ ಮುಗಿಸಿ ಚಿಕ್ಕೇರೂರಿನ ತವರಿನಿಂದ ಶಿಗ್ಗಾಂವದ ಗಂಡನ ಮನೆಗೆ ಹೊರಟಿದ್ದೆ. ಕರೆದೊಯ್ಯಲು ಯಜಮಾನರು ಬಂದಿದ್ದರು. ನಾನು ಮೋಟಾರು ಹತ್ತಿದ್ದು ಅದೇ ಮೊದಲು. ಅವ್ವ ಮುಂಜಾನೆಯೇ ಬಳೆಗಾರನನ್ನು ಕರೆಸಿ ಎರಡೂ ಕೈತುಂಬ ಹಸಿರು ಬಳೆ ಇಡಿಸಿದ್ದಳು. ಯಜಮಾನರು ಹಿಂದೆ ಗಂಡಸರ ಜೊತೆ ಕುಳಿತರು. ನನಗೆ ಡ್ರೈವರನ ಬೆನ್ನಿಗೇ, ಬಲಗಡೆಯ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕಿಟಕಿಗೆ ಗಾಜಿರಲಿಲ್ಲ, ಸರಳೂ ಇರಲಿಲ್ಲ. ಎಡತೋಳಿನಲ್ಲಿ ಕೂಸು ಮಲಗಿತ್ತು. ಬಲಗೈ ಬಿಡುವಾಗಿತ್ತು.

ಊರು ದಾಟುವ ಮೊದಲೇ ನನ್ನ ಮೊಣಕೈ ಹೊರಗೆ ಹೋಗಿತ್ತು. ಡ್ರೈವರ ತಿರುಗದೆಯೇ ಹೇಳಿದ: "ಅಕ್ಕಾರ, ಕೈ ಒಳಗ ತಗೋರಿ."

"ಯಾಕ್ರಿ?" ಎಂದೆ.

ಅವನು ಉತ್ತರ ಕೊಡಲಿಲ್ಲ. ಪಕ್ಕದಲ್ಲಿದ್ದ ಒಬ್ಬ ಮುದುಕಿ ಕೊಟ್ಟಳು: "ಗಿಡ ಬಡದು ಕೈ ಕಿತ್ತು ಹೋಗತೈತಿ, ಅದಕ್ಕ. ಬಳಿ ತೋರಸೂದಿದ್ರ ಗಂಡಗ ತೋರಸಬೇ, ಗಿಡಕ್ಕ ಯಾಕ ತೋರಸ್ತಿ?"

ಬಸ್ಸೆಲ್ಲ ನಕ್ಕಿತು. ನಾನು ಕೈ ಒಳಗೆ ಎಳೆದುಕೊಂಡೆ.

ಏರಿಗೆ ಬಂದೆವು. ಅಲ್ಲಿ ಗಿಡವೇ ಇರಲಿಲ್ಲ. ಗಿಡವಿಲ್ಲದ ಮೇಲೆ ಕೈ ಹಾಕಿದರೆ ಏನಾದೀತು ಎಂದುಕೊಂಡೆ. ಕೆಳಗೆ ಮೆಟ್ಟಿಲ ಮೇಲೆ ನಾಲ್ಕೈದು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಅವರಲ್ಲಿ ನನ್ನ ಸಣ್ಣಂದಿನ ಗೆಳತಿ ಗಂಗವ್ವ ಇದ್ದಳು. ಅವಳನ್ನು ಆ ಕೆರೆಯ ಊರಿಗೇ ಕೊಟ್ಟಿದ್ದರು. ನಾನು ಮೋಟಾರಿನಲ್ಲಿ ಹೋಗುವುದನ್ನು, ಅದೂ ಇಷ್ಟು ಬಳೆ ಇಟ್ಟುಕೊಂಡು ಹೋಗುವುದನ್ನು ಅವಳು ನೋಡಬೇಕಿತ್ತು. ಕೈಯನ್ನು ಪೂರ್ತಿ ಹೊರಗೆ ಚಾಚಿ ಮುಂದಕ್ಕೆ ಬೀಸಿದೆ. ಅವಳು ತಲೆ ಎತ್ತಲಿಲ್ಲ. ಎತ್ತುವವರೆಗೂ ಬೀಸಿದೆ.

ಆ ಕಾಲದಲ್ಲಿ ಮೋಟಾರುಗಳಿಗೆ ಈಗಿನ ಹಾಗೆ ಹಿಂದೆ ಮುಂದೆ ಮಿಣಮಿಣ ಎನ್ನುವ ದೀಪಗಳಿರಲಿಲ್ಲ. ಮುಂದಿನ ಡ್ರೈವರ ಬಲಗೈಯನ್ನು ಹೊರಗೆ ಹಾಕಿ ಮುಂದಕ್ಕೆ ಬೀಸಿದರೆ, ಹಿಂದಿನವನಿಗೆ "ದಾರಿ ಖಾಲಿ ಐತಿ, ನನ್ನ ದಾಟಿ ಹೋಗು" ಎಂದರ್ಥ. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿದರೆ "ನಿಧಾನ ಮಾಡು, ನಿಲ್ಲು" ಎಂದರ್ಥ. ಕೆಂಪು ಧೂಳಿನಲ್ಲಿ ಹಿಂದಿನವನಿಗೆ ಬೇರೇನೂ ಕಾಣುತ್ತಿರಲಿಲ್ಲ. ಇದೆಲ್ಲ ನನಗೆ ಆಮೇಲೆ ಗೊತ್ತಾಯಿತು. ಡ್ರೈವರ ಅವತ್ತೇ ಕಾರಣ ಹೇಳಿದ್ದರೆ ನಾನು ಕೈ ಹಾಕುತ್ತಿರಲಿಲ್ಲ ಎಂದು ಬಹಳ ದಿನ ತಪ್ಪನ್ನು ಅವನ ಮೇಲೆ ಹೊರಿಸಿ ನೋಡಿದೆ. ಅದು ಸುಳ್ಳು. ಗಂಗವ್ವನಿಗೆ ಬಳೆ ತೋರಿಸಬೇಕಿತ್ತು, ಹಾಕಿಯೇ ಹಾಕುತ್ತಿದ್ದೆ.

ನಮ್ಮ ಹಿಂದೆ ಮಾಸೂರಿನಿಂದ ಅಕ್ಕಿ ಹೇರಿಕೊಂಡು ಒಂದು ಲಾರಿ ಬರುತ್ತಿತ್ತು. ಅದು ಹಾರ್ನು ಹೊಡೆದು ನಮ್ಮ ಬಲಕ್ಕೆ ಬಂದು ಮುಂದೆ ಹೋಯಿತು. ತಿರುವಿನಲ್ಲಿ ಎದುರಿಗೆ ಹುಲ್ಲಿನ ಗಾಡಿ. ಲಾರಿಯವನು ಗಾಡಿಯನ್ನು ತಪ್ಪಿಸಿದ, ಲಾರಿ ಏರಿಯ ಕಲ್ಲುಗಳ ಮೇಲೆ ಉರುಳಿ ಕೆಳಗೆ ಹೋಯಿತು. ಮೂಟೆಗಳ ಅಡಿಯಿಂದ ಅವನನ್ನು ಎಳೆದು ತೆಗೆದಾಗ ಎಡಗಾಲು ಕಾಲಿನ ಹಾಗೆ ಇರಲಿಲ್ಲ. ಸವಣೂರಿನವನು, ಮೋದಿನಸಾಬ ಎಂದು ಹೆಸರು. ಅವನಿಗೆ ಎಚ್ಚರವಿತ್ತು. ನರಳುತ್ತ ಒಂದೇ ಮಾತು ಹೇಳುತ್ತಿದ್ದ: "ಬಸ್ಸಿನವ್ರು ಕೈ ಮಾಡಿದ್ರು. ಬಳಿ ಇದ್ದ ಕೈ, ಹಸರ ಬಳಿ."

ನಮ್ಮ ಡ್ರೈವರ ಸಿಟ್ಟಾದ. "ನನ್ನ ಎರಡೂ ಕೈ ಚಕ್ರದ ಮ್ಯಾಲಿದ್ದುವು. ನಾ ಏನ್ ಬಳಿ ಇಟಗೊಂಡೇನೇನ್ಲೇ?"

ಹಾನಗಲ್ಲಿನಿಂದ ಫೌಜದಾರ ಬಂದ. ಎಲ್ಲರನ್ನೂ ಇಳಿಸಿ ಕೇಳಿದ: "ಹೆಣ್ಣಮಕ್ಕಳು ಯಾರರ ಕೈ ಹೊರಗ ಹಾಕಿದ್ರೇನು?"

ನಾನು ಸೆರಗನ್ನು ಎರಡೂ ಕೈಗಳ ಮೇಲೆ ಎಳೆದುಕೊಂಡು ಕೂಸಿಗೆ ಹಾಲು ಕೊಡುವವಳ ಹಾಗೆ ತಿರುಗಿ ನಿಂತೆ. ನನ್ನ ಪರವಾಗಿ ಯಜಮಾನರೇ ಹೇಳಿದರು: "ನಮ್ಮ ಮನಿ ಹೆಣ್ಣಮಕ್ಕಳು ಅಂಥಾವ್ರಲ್ರಿ ಸಾಹೇಬ್ರ." ಪಕ್ಕದ ಮುದುಕಿ ನನ್ನ ಮುಖ ನೋಡಿದಳು. ಅವಳು ತೂಕಡಿಸುತ್ತಿದ್ದಳೋ, ನೋಡಿದ್ದಳೋ, ನನಗೆ ತಿಳಿಯದು. ಸುಮ್ಮನಿದ್ದಳು. ನಾನೂ ಸುಮ್ಮನಿದ್ದೆ.

ಮೋದಿನಸಾಬ ಹೆಂಡ ಕುಡಿದಿದ್ದ, ಅದಕ್ಕೇ ಬಳೆ ಕಂಡಿತು ಎಂದು ತೀರ್ಮಾನವಾಯಿತು. ಲೈಸನ್ಸು ಹೋಯಿತು. ಜನ್ಮದಲ್ಲಿ ಒಂದು ಹನಿ ಮುಟ್ಟದವನನ್ನು ಮಸೀದಿಯ ಮುಂದೆ ಕೂಡ ಕುಡುಕ ಎಂದರಂತೆ. ಈ ಸುದ್ದಿಗಳೆಲ್ಲ ಶಿಗ್ಗಾಂವದ ಸಂತೆಗೆ ಬರುತ್ತಿದ್ದವು, ನಾನು ಕೇಳುತ್ತಿದ್ದೆ, ಮನೆಗೆ ಬಂದು ಅಡಿಗೆ ಮಾಡುತ್ತಿದ್ದೆ. ಮಂದಿಗೆ ಕುಡಿದಿದ್ದ ಎಂಬ ಮಾತೊಂದೇ ಸಾಕಾಗಲಿಲ್ಲ. ಕೆರೆಯಲ್ಲಿ ಹಿಂದೆ ಬಿದ್ದು ಸತ್ತ ಯಾರೋ ಸೊಸೆಯ ಕೈ ಅದು ಎಂದು ಕಥೆ ಹುಟ್ಟಿತು. ತಿರುವಿನಲ್ಲಿ ಡ್ರೈವರುಗಳು ಮೋಟಾರು ನಿಧಾನ ಮಾಡಿ ಹಾರ್ನು ಹೊಡೆದು ಮುಂದೆ ಹೋಗುವುದು ರೂಢಿಯಾಯಿತು. ಏರಿಯ ಕಲ್ಲಿನ ಮೇಲೆ ಹಸಿರು ಬಳೆ ಇಡತೊಡಗಿದರು. ನಾನು ಹಸಿರು ಬಳೆ ಬಿಟ್ಟೆ. ಬಳೆಗಾರ ಬಂದರೆ ಕೆಂಪು ಇಡು ಎನ್ನುತ್ತಿದ್ದೆ.

ಇನ್ನು ನಾನು ಹೇಳಹೊರಟ ಸಂಗತಿ. ಯುದ್ಧ ಬಂದು ಪೆಟ್ರೋಲು ಸಿಗದೆ ಬಸ್ಸುಗಳ ಹಿಂದೆ ಇದ್ದಿಲಿನ ಒಲೆ ಕಟ್ಟಿಸಿ ಅದರ ಹೊಗೆಯಿಂದಲೇ ಎಂಜಿನ್ನು ಓಡಿಸುತ್ತಿದ್ದ ಕಾಲ. ಅವ್ವನಿಗೆ ಜಡ್ಡು ಎಂದು ಹೇಳಿ ಕಳಿಸಿದ್ದರು, ಹಾನಗಲ್ಲಿನಿಂದ ಚಿಕ್ಕೇರೂರಿಗೆ ಬಸ್ಸು ಹತ್ತಿದ್ದೆ. ಮಟಮಟ ಮಧ್ಯಾಹ್ನ. ಡ್ರೈವರ ಹೊಸಬ, ಬೇರೆ ಸೀಮೆಯವನು, ಕಲ್ಲು ಬಳೆ ಯಾವುದನ್ನೂ ಲೆಕ್ಕಕ್ಕೆ ಇಟ್ಟವನಲ್ಲ. ಆಗಿನ ಬಸ್ಸು ಏರಿನಲ್ಲಿ ಏದುತ್ತಿತ್ತು, ಜನ ಇಳಿದು ದಬ್ಬಬೇಕಾಗುತ್ತಿತ್ತು. ಇದ್ದಿಲು ಉಳಿಸಲಿಕ್ಕೆ ಇಳುಕಲಿನಲ್ಲಿ ಎಂಜಿನ್ನು ಬಂದ್ ಮಾಡಿ ತನ್ನಷ್ಟಕ್ಕೆ ಉರುಳಲು ಬಿಡುತ್ತಿದ್ದರು. ಬಹಳ ಕೆಟ್ಟ ಚಾಳಿ ಅದು. ಹಾಗೆ ಉರುಳುವ ಬಸ್ಸು ಬ್ರೇಕು ಒತ್ತಿದರೂ ಬೇಗ ನಿಲ್ಲುವುದಿಲ್ಲ. ಕೆರೆಯ ಕಡೆಗೆ ಇಳಿಯುವಾಗ ಇವನೂ ಹಾಗೇ ಬಿಟ್ಟ. ನಾನು ಅವನ ಬೆನ್ನಿಗೇ ಕುಳಿತಿದ್ದೆ. ಬೇರೆ ಜಾಗ ಇರಲಿಲ್ಲ. ಎರಡೂ ಕೈ ಮಡಿಲಲ್ಲಿದ್ದವು.

ಮುಂದೆ ಧೂಳೆದ್ದಿತ್ತು, ಯಾವುದೋ ಮೋಟಾರು ಹೋಗುತ್ತಿದ್ದ ಹಾಗೆ. ಆ ಧೂಳಿನ ಬಲಬದಿಯಿಂದ ಒಂದು ಕೈ ಹೊರಗೆ ಬಂತು. ಹಸಿರು ಬಳೆ ಮೊಣಕೈ ಸಮೀಪದವರೆಗೆ. ನಾನು ಅವತ್ತು ಬೀಸಿದ ಹಾಗೆ ಅದು ಬೀಸಲಿಲ್ಲ. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿತು. ಮತ್ತೊಮ್ಮೆ ಒತ್ತಿತು. ಅವಸರವೇ ಇಲ್ಲದ ಕೈ, ತೊಟ್ಟಿಲಲ್ಲಿ ಎದ್ದ ಕೂಸನ್ನು ತಟ್ಟಿ ಮಲಗಿಸುವ ಹಾಗೆ.

ಡ್ರೈವರ "ಅಯ್ಯ!" ಎಂದು ಬ್ರೇಕಿನ ಮೇಲೆ ನಿಂತೇಬಿಟ್ಟ. ಬಸ್ಸು ಕಿರುಚಿ, ಜಾರಿ, ತಿರುವಿನ ಮುಂದೆ ಬಂದು ನಿಂತಿತು. ಧೂಳು ಇಳಿಯಿತು. ಮುಂದೆ ಮೋಟಾರು ಇರಲಿಲ್ಲ. ಇಪ್ಪತ್ತು ಮಾರು ದೂರದಲ್ಲಿ ಒಂದು ಗಾಡಿ ಗಾಲಿ ಕಳಚಿ ರಸ್ತೆಗೆ ಅಡ್ಡ ಬಿದ್ದಿತ್ತು. ಮದುವೆಯಿಂದ ಬರುವವರು, ಮಕ್ಕಳು ಮರಿ ಎಲ್ಲ ರಸ್ತೆಯ ಮೇಲೆಯೇ ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು. ನಮ್ಮ ಬಸ್ಸಿನ ಮುಂದೆ ಯಾವ ಮೋಟಾರೂ ಬಂದಿಲ್ಲ ಎಂದು ಗಾಡಿಯವನು ಆಣೆ ಮಾಡಿ ಹೇಳಿದ.

ಡ್ರೈವರ ನನ್ನ ಕಡೆ ತಿರುಗಿದ. ಬೆವರು ಇಳಿಯುತ್ತಿತ್ತು. "ಅಕ್ಕಾರ, ನೀವು ಮುಂದನ ಕುಂತಿದ್ರಿ. ನೀವೂ ನೋಡಿದ್ರಲ್ರಿ, ಆ ಕೈ?"

"ಇಲ್ಲ" ಎಂದೆ.

ಯಾಕೆ ಹಾಗೆ ಅಂದೆನೋ. ಬಾಯಿಗೆ ರೂಢಿಯಾಗಿತ್ತು ಎಂದು ಕಾಣುತ್ತದೆ. ಅವನು "ಹಂಗಾರ ನನಗ ತಲಿ ಕೆಟ್ಟೈತಿ" ಎಂದು ಕೆಳಗಿಳಿದು ಮುಖ ತೊಳೆದುಕೊಂಡ. ಮಂದಿಯನ್ನು ಉಳಿಸಿದ ಮನುಷ್ಯ, ಅವನನ್ನೂ ನಾನು ಒಬ್ಬಂಟಿ ಮಾಡಿದೆ. ಅವ್ವನ ಹತ್ತಿರ ಎಂಟು ದಿನ ಇದ್ದೆ. ಅವಳು ಸುಧಾರಿಸಿದಳು, ನನಗೆ ನಿದ್ದೆ ಹತ್ತಲಿಲ್ಲ.

ಮುಂದಿನ ತಿಂಗಳು ಮನೆಯ ಪೂಜೆಗೆ ಎಲೆ ತರುವ ನೆಪ ಮಾಡಿ ನೆರೆಯವರ ಗಾಡಿಯಲ್ಲಿ ಸವಣೂರಿಗೆ ಹೋದೆ. ಮೋದಿನಸಾಬ ಎಲೆಯ ಪೇಟೆಯಲ್ಲಿ ಸೊಟ್ಟಗಾಲು ಚಾಚಿ ಕುಳಿತು ವೀಳ್ಯದೆಲೆ ಎಣಿಸಿ ಕಟ್ಟುತ್ತಿದ್ದ. ಗಡ್ಡ ನರೆತಿತ್ತು.

"ಎಷ್ಟ್ ಎಲಿ ಬೇಕ್ರಿ ಅಕ್ಕಾರ?"

"ಎಲಿ ಬ್ಯಾಡ್ರಿ ಸಾಬ್ರ. ಕೆರಿ ಏರಿ ಮ್ಯಾಲ ನಿಮಗ ಕೈ ಮಾಡಿದಾಕಿ ನಾನು. ಗೆಳತಿಗೆ ಕೈ ಬೀಸಿದ್ದೆ."

ಅವನ ಬೆರಳುಗಳು ಎಲೆಯ ಮೇಲೆ ನಿಂತವು. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಮನ್ಯಾಗಿನವ್ರ ಸೈತ ನನ್ನ ಬಾಯಿ ಮೂಸಿ ನೋಡ್ತಿದ್ರವ್ವ" ಎಂದ. ಕೈಯಲ್ಲಿದ್ದ ಎಲೆಯ ಕಟ್ಟಿಗೆ ನಾರು ಸುತ್ತಿ ಅಂದ: "ನಂದೂ ತಪ್ಪೈತಿ. ಧೂಳಿನ್ಯಾಗ ನನ್ನ ಕಣ್ಣಿಗೆ ದಾರಿ ಕಾಣಲಾರದ, ಇನ್ನೊಬ್ಬರ ಕೈ ನಂಬಿ ತಿರುವಿನ್ಯಾಗ ಹೋಗಬಾರದಿತ್ತು. ಮತ್ತ ಅವತ್ತ ಕೈ ಎರಡಿದ್ದುವು."

"ಎರಡಲ್ರಿ, ಒಂದ. ಇನ್ನೊಂದರಾಗ ಕೂಸಿತ್ತು."

"ಎರಡಿದ್ದುವವ್ವ. ಎರಡೂ ಒಂದ ಕಿಟಕ್ಯಾಗ. ಎರಡಕ್ಕೂ ಹಸರ ಬಳಿ. ಒಂದು ಹೋಗು ಅಂತಿತ್ತು, ಒಂದು ನಿಲ್ಲು ಅಂತಿತ್ತು. ನನಗ ಅವಸರಿತ್ತು, ಹೋಗು ಅಂದದ್ದನ್ನ ಕೇಳಿದೆ. ಎರಡು ಅಂದ್ರ ಇನ್ನೂ ಹುಚ್ಚ ಅಂತಾರಂತ ಯಾರ ಮುಂದೂ ಹೇಳಿಲ್ಲ."

ನಾನು ಇದ್ದಿಲು ಬಸ್ಸಿನ ಸಂಗತಿಯನ್ನು ಅವನಿಗೆ ಇನ್ನೂ ಹೇಳಿರಲಿಲ್ಲ. ಆಮೇಲೆಯೂ ಹೇಳಲಾಗಲಿಲ್ಲ.

ಎದ್ದಾಗ ಅವನು ಕೇಳಿದ್ದು ಒಂದೇ: "ನೀವು ಈಗ ಹೇಳಿದ್ದನ್ನ ನಾಕು ಮಂದಿ ಮುಂದ ಹೇಳ್ತೀರೇನವ್ವ? ಕೈ ನಂದು ಅಂತ?"

"ಹೇಳ್ತೇನ್ರಿ" ಎಂದೆ.

ಹೇಳಲಿಲ್ಲ. ಯಜಮಾನರಿಗೆ ತಿಳಿಸಿದಾಗ, "ಫೌಜದಾರನ ಮುಂದ ನಾ ಸುಳ್ಳ ಹೇಳಿದಂಗ ಆಗತೈತಿ, ಬಿಡು" ಎಂದರು. ಬಿಟ್ಟೆ. ತಪ್ಪನ್ನು ಅವರ ಮೇಲೆ ಹಾಕುವುದಿಲ್ಲ, ಬಿಡಲಿಕ್ಕೆ ನನಗೂ ಒಂದು ನೆಪ ಬೇಕಾಗಿತ್ತು. ಎರಡು ವರ್ಷಕ್ಕೆ ಮೋದಿನಸಾಬ ತೀರಿಕೊಂಡ ಎಂದು ಸಂತೆಯಲ್ಲಿ ಕೇಳಿದೆ. ಹೇಳಿದವನು "ಆ ಕುಡುಕ ಲಾರಿ ಸಾಬ" ಎಂದೇ ಹೇಳಿದ. ನಾನು ಬದನೆಕಾಯಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ.

ಎರಡನೆಯ ಕೈ ಯಾರದು, ಅದೇ ಕೈ ಆಮೇಲೆ ನನಗೂ ಕಂಡಿತೋ, ಕಂಡಿದ್ದರೆ ಯಾಕೆ ಕಂಡಿತು, ನನಗೆ ಇವತ್ತಿಗೂ ತಿಳಿದಿಲ್ಲ. ತಿಳಿದವರು ಹೇಳಲಿ. ನನಗೆ ಗೊತ್ತಿರುವುದನ್ನು ನಾಲ್ಕು ಮಂದಿ ಓದಲಿ ಎಂದು ಬರೆದಿದ್ದೇನೆ. ಹೋಗು ಎಂದ ಕೈ ನನ್ನದು. ಮೋದಿನಸಾಬ ಅವತ್ತು ಕುಡಿದಿರಲಿಲ್ಲ.