ರಮಾಮಣಿ ಒಡ್ಡಿದ ಕಿವಿ

ಎಪ್ಪತ್ತರ ದಶಕದ ಆರಂಭ. ಬೆಳಗಿನ ಐದೂವರೆ. ಅಹಮದಾಬಾದಿನ ಆಸ್ಪತ್ರೆಯೊಂದರ ಕಿವಿ ವಿಭಾಗದಲ್ಲಿ ತಂತ್ರಜ್ಞೆ ರಮಾಮಣಿ ಫ್ಯಾನು, ದೀಪಗಳನ್ನು ಒಂದೊಂದಾಗಿ ಆರಿಸುತ್ತಿದ್ದಾರೆ. ಅಕ್ಕಪಕ್ಕದ ಮೋಟಾರುಗಳು ಶುರುವಾದರೆ ಕಿವಿ ಪರೀಕ್ಷಿಸುವ ಅವರ ಯಂತ್ರ ತಡವರಿಸುತ್ತದೆ. ಕುರ್ಚಿಯಲ್ಲಿ ಒಬ್ಬ ನೇಕಾರ. ಡಾಕ್ಟರ್ ದಿವಾಕರ ಅವನ ಕಿವಿತಮಟೆಯ ಮೂಲಕ ತೆಳ್ಳನೆಯ ಸೂಜಿ ಇಳಿಸುತ್ತಾರೆ. ರಮಾಮಣಿ ಸ್ಪೀಕರಿನಿಂದ ಟಕ್ ಟಕ್ ಸದ್ದು ಬಿಡುತ್ತಾರೆ. ಸದ್ದಿಗೆ ಒಳಗಿವಿ ಎಚ್ಚೆತ್ತರೆ ಅಲ್ಲಿ ಹುಟ್ಟುವ ಚೂರು ವಿದ್ಯುತ್ತು ಪರದೆಯ ಮೇಲೆ ಅಲೆಯಾಗಿ ಏಳುತ್ತದೆ. ಇಲ್ಲವಾದರೆ ಬರೀ ಗೆರೆ. ನೂರಾರು ಸಲ ಅದರ ಫೋಟೋ ಹಿಡಿಯಬೇಕು. ಒಂದು ಕಿವಿಗೆ ಮೂರು ಗಂಟೆ. ಹೊರದೇಶಗಳಲ್ಲೂ ಈಗಷ್ಟೇ ಕಾಲಿಡುತ್ತಿರುವ ಈ ಪರೀಕ್ಷೆ ಇಲ್ಲಿ ವರ್ಷದಲ್ಲಿ ಅರವತ್ತೊಂದು ಕಿವಿಗಳಿಗೆ ನಡೆದಿದೆ. ಒಂದು ವರದಿಯಲ್ಲೂ ರಮಾಮಣಿಯ ಹೆಸರಿಲ್ಲ.

ಗದಗಿನವರು. ಬೆಸುಗೆ ಕಲಿತದ್ದು ಅಪ್ಪನ ರೇಡಿಯೊ ಅಂಗಡಿಯಲ್ಲಿ. ವಿಮಾ ಕಚೇರಿಯಲ್ಲಿದ್ದ ಗಂಡ ಭೀಮಸೇನರಿಗೆ ವರ್ಗವಾದಾಗ ಇಲ್ಲಿಗೆ ಬಂದರು.

ಹಿಂದೊಮ್ಮೆ ಈ ಕುರ್ಚಿಗೆ ಬಂದಿದ್ದ ನೇಕಾರ ಜೀವಣಭಾಯಿಯ ಹೆಸರೆತ್ತಿದರೆ ಇಂದಿಗೂ ಅವರ ದನಿ ಏರುತ್ತದೆ. ಮೇಲ್ವಿಚಾರಕ ಮುಕಾದಮ ಕೂಗಿದ್ದು ಕೇಳಲಿಲ್ಲವೆಂದು ಬಟ್ಟೆ ಮಿಲ್ಲು ಅವನನ್ನು ಕೆಲಸದಿಂದ ತೆಗೆದಿತ್ತು. "ಕಿವುಡನ ನಾಟಕ" ಎಂದು ಮಿಲ್ಲಿನ ಡಾಕ್ಟರು ಬರೆದಿದ್ದರು. "ಹದಿನೆಂಟು ವರ್ಷ ಆ ಮಗ್ಗದ ಗದ್ದಲದಾಗ ನಿಂತಾಂವ್ರೀ! ಅವನ ಕಿವಿ ತಿಂದವರು ಇವರ, ಮತ್ತ ನಾಟಕ ಅಂತಾರ!" ಎನ್ನುತ್ತಾರೆ ರಮಾಮಣಿ.

ಕಾರ್ಮಿಕ ಸಂಘ ಅವನನ್ನು ಇಲ್ಲಿಗೆ ಕಳಿಸಿತು. ಸದ್ದು ಏರಿಸುತ್ತ ಹೋದರೂ ಗೆರೆ ಅಲುಗಲಿಲ್ಲ. ಕಟ್ಟಕಡೆಯ ಹಂತದಲ್ಲಷ್ಟೇ ಕೊಂಚ ಮಿಡಿಯಿತು. ಫೋಟೋ ನೋಡಲು ಬಂದ ಮಿಲ್ಲಿನ ಅಧಿಕಾರಿ ನಕ್ಕ. "ನಿಮ್ಮ ಯಂತ್ರವೇ ಕಿವುಡಾಗಿರಬೇಕು."

ರಮಾಮಣಿ ಎದ್ದು ಹೋಗಿ ರೋಗಿಯ ಕುರ್ಚಿಯಲ್ಲಿ ಕೂತರು. "ಡಾಕ್ಟರ, ಆ ಸೂಜಿ ನನಗ ಹಾಕ್ರಿ."

"ನೋವಾಗುತ್ತದೆ, ರಮಾಮಣಿಯವರೇ."

"ಅವಗ ಆಗಲಿಲ್ಲೇನ್ರೀ? ಹಾಕ್ರಿ."

ಡಾಕ್ಟರ್ ಸೂಜಿ ಇಳಿಸಿದರು; ನರ್ಸ್ ನಳಿನಿ ಗುಂಡಿ ತಿರುಗಿಸಿದರು. ತೀರಾ ಮೆಲ್ಲನೆಯ ಸದ್ದಿಗೇ ಪರದೆಯಲ್ಲಿ ಅಲೆ ಎದ್ದಿತು. ಅಧಿಕಾರಿ ಹೊರಟುಹೋದ. ತಿಂಗಳೊಳಗೆ ಜೀವಣಭಾಯಿಗೆ ಅದೇ ಮಿಲ್ಲಿನ ಬಟ್ಟೆ ಮಡಿಸುವ ವಿಭಾಗದಲ್ಲಿ ಕೆಲಸ ಸಿಕ್ಕಿತು.

ಈಗ ಮಿಲ್ಲು ಪರೀಕ್ಷೆಗೆ ಹೋದವರ ಹೆಸರು ಬರೆದಿಟ್ಟುಕೊಳ್ಳುತ್ತದಂತೆ. ಆದರೂ ಅವನಿದ್ದ ಮಗ್ಗದ ಶೆಡ್ಡಿನಿಂದ ಒಬ್ಬೊಬ್ಬರೇ ಬರುತ್ತಿದ್ದಾರೆ. ಇಂದು ಕೂತಿರುವವನು ಒಂಬತ್ತನೆಯವನು.

ನಿಮ್ಮ ಆಸೆಯೇನು ಎಂದರೆ ರಮಾಮಣಿ ಸಿಡುಕುತ್ತಾರೆ. "ಒಬ್ಬ ಮನಶ್ಯಾ ನನಗ ಕೇಳಸೂದಿಲ್ಲ ಅಂದ್ರ ನಂಬಬೇಕ್ರೀ. ಅಷ್ಟು ನಂಬಿಸಾಕ ಅವನ ಕಿವ್ಯಾಗ ಸೂಜಿ ಚುಚ್ಚೂ ಹಂಗ ಆಗಬಾರ್ದು."